ಹತ್ತೊಂಬತ್ತರ ತನಕ ಹೋಗಲಿಲ್ಲ

ಕಾಟನ್‌ಪೇಟೆಯ ಒಂದು ಸಂದಿ, ಮೆಟ್ಟಿಲ ಕೆಳಗಿನ ಪ್ರೆಸ್ಸು.
ನನ್ನ ಕೆಲಸ ನಂಬರು ಹೊಡೆಯುವುದು.
ರಸೀದಿ ಪುಸ್ತಕ, ಚೀಟಿ ಪುಸ್ತಕ, ಸೈಕಲ್ ಸ್ಟ್ಯಾಂಡಿನ ಟೋಕನ್ನು.
ಕಾಲಲ್ಲಿ ಒತ್ತಿದರೆ ಟಕ್ಕೆಂದು ಬೀಳುತ್ತಿತ್ತು ಆರಂಕಿ,
ಆಮೇಲೆ ತಾನಾಗಿ ಒಂದು ಮುಂದಕ್ಕೆ.
ಆ ಯಂತ್ರಕ್ಕೆ ಗೊತ್ತಿದ್ದದ್ದು ಅದೊಂದೇ: ಒಂದು ಮುಂದಕ್ಕೆ.

ಹೊಲಿಗೆಯ ಮೂಲೆಯಲ್ಲಿ ಜಬ್ಬಾರ್ ಸಾಹೇಬರು, ಬೈಂಡರು.
ಬೆರಳಿಗೆ ಮೈದಾ ಗೋಂದು, ಕಿವಿಯ ಮೇಲೆ ಮೋಟು ಪೆನ್ಸಿಲು.
ಅಂಕಿ ಕಂಡರೆ ಒಡೆದು ನೋಡುವ ಚಟ,
ಬೇರೆಯವರು ಕಡಲೆಕಾಯಿ ಸುಲಿಯುವ ಹಾಗೆ.

ಒಂದು ಸಂಜೆ ಯಂತ್ರ ನಿಂತದ್ದು
ಐದು ಲಕ್ಷದ ಹತ್ತು ಸಾವಿರದ ಐನೂರ ಹತ್ತಕ್ಕೆ.
"ಬಾರಮ್ಮ ಸಂಪಂಗಮ್ಮ, ನೋಡು.
ಐನೂರ ಹತ್ತು, ಪಕ್ಕದಲ್ಲೇ ಇನ್ನೊಂದು ಐನೂರ ಹತ್ತು.
ಯಾವ ಮೂರಂಕಿಯನ್ನಾದರೂ ಎರಡು ಸಲ ಬರಿ,
ಏಳು, ಹನ್ನೊಂದು, ಹದಿಮೂರು ಕರೆಯದೆ ಬಂದು ಕೂರುತ್ತವೆ.
ಎರಡು, ಮೂರು, ಐದು ಮೊದಲೇ ಮನೆಯವರು.
ಹದಿನೇಳು ಹಿತ್ತಿಲ ಬಾಗಿಲಲ್ಲಿ ಬಂತು.
ವಠಾರ ಕಣಮ್ಮ ಇದು. ಏಳು ಸಂಸಾರ, ಒಂದೇ ನಲ್ಲಿ,
ಯಾರಿಗೂ ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ."

"ಮುಂದಿನದು?" ಅಂದೆ.
ಕಾಲೊತ್ತಿದೆ. ಟಕ್. ಐನೂರ ಹನ್ನೊಂದು.
ಪೆನ್ಸಿಲು ನನ್ನ ಕೈಗಿಟ್ಟು ಅವರು ನಮಾಜಿಗೆ ಎದ್ದರು.

ಮಾರ್ಕೆಟ್ಟಿನಿಂದ ಲಗ್ಗೆರೆಗೆ, ನಿಂತೇ,
ಹಾಳಾದ ರಸೀದಿಯೊಂದರ ಬೆನ್ನಲ್ಲಿ
ಎರಡರಿಂದ ಭಾಗಿಸಿದೆ. ಒಂದು ಉಳಿಯಿತು.
ಮೂರರಿಂದ. ಒಂದು.
ಬಿನ್ನಿಪೇಟೆ ದಾಟುವಾಗ ಐದು, ಏಳು. ಒಂದು, ಒಂದು.
ಟೋಲ್‌ಗೇಟಿನ ಸಿಗ್ನಲ್ಲಿನಲ್ಲಿ ಹನ್ನೊಂದು.
ಹದಿಮೂರಕ್ಕೆ ಪೆನ್ಸಿಲು ಮುರಿದು ಹಲ್ಲಲ್ಲಿ ಕಚ್ಚಿ ಚೂಪು ಮಾಡಿದೆ.
ಹದಿನೇಳಕ್ಕೂ ಅದೇ ಒಂದು.

ರಾಗಿ ಅಳೆಯುವಾಗ ನಮ್ಮಜ್ಜಿ
ಮೊದಲ ಸೇರನ್ನು ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದಳು.
ಏಳು ಮಂದಿ ಪಾಲು ಕೇಳಿ ಬಂದು ಹೋದರೂ
ಏಳು ಸಲ ಲಾಭ ಉಳಿಸಿಕೊಂಡ ಅಂಕಿ!
ಆಗ ಮನೆಯಲ್ಲಿ ನನ್ನನ್ನೂ ಪಾಲು ಹಾಕಿದ್ದರು:
ಬಟವಾಡೆ ಅಣ್ಣನಿಗೆ, ಭಾನುವಾರ ಅತ್ತಿಗೆಗೆ,
ರಾತ್ರಿಯ ಕೆಮ್ಮು ಅಪ್ಪನದು.
ರಸೀದಿಯ ಮೇಲೆ ದಪ್ಪಕ್ಷರದಲ್ಲಿ ಅವಿಭಾಜ್ಯ ಎಂದು ಬರೆದೆ,
ಕೆಳಗೆ ಎರಡು ಗೆರೆ ಎಳೆದೆ,
ರವಿಕೆಯೊಳಗೆ ಮಡಚಿಟ್ಟುಕೊಂಡು ಮಲಗಿದೆ.

ಬೆಳಿಗ್ಗೆ ಸಾಹೇಬರು ಬಿಡಿಸಿ ನೋಡಿದರು, ಗೋಂದಿನ ಬೆರಳು ತಾಗದಂತೆ.
"ಒಂದು ಸ್ಟಾಪು ಮೊದಲೇ ಇಳಿದುಬಿಟ್ಟೆಯಲ್ಲಮ್ಮ."

ಹತ್ತೊಂಬತ್ತು.
ಇಪ್ಪತ್ತಾರು ಸಾವಿರದ ಎಂಟುನೂರ ಅರವತ್ತೊಂಬತ್ತು ಸಲ, ಸರಿಯಾಗಿ.
ಉಳಿದದ್ದು ಸೊನ್ನೆ.

ಅತ್ತೆ ಅನ್ನಬೇಕು, ಸಿಟ್ಟೇ ಬಂತು.
ಪೆನ್ಸಿಲು ಹಿಂತಿರುಗಿಸಲಿಲ್ಲ.
ಆ ಇಪ್ಪತ್ತಾರು ಸಾವಿರದೊಳಗೆ ಯಾರಿದ್ದಾರೆಂದು
ಬಸ್ಸಿನಲ್ಲಿ, ಬೋರ್‌ವೆಲ್ಲಿನ ಸರದಿಯಲ್ಲಿ, ಒಲೆಯ ಮುಂದೆ,
ಇಪ್ಪತ್ತಮೂರಕ್ಕೆ ಐದು ಉಳಿಯಿತು,
ಇಪ್ಪತ್ತೊಂಬತ್ತಕ್ಕೆ ಹದಿನೈದು,
ಈಗ ಉಳಿಯುವುದೂ ದಿನಕ್ಕೊಂದು ಥರ.
ಕೊನೆಗೆ ಬಾಗಿಲು ತೆರೆದದ್ದು ತೊಂಬತ್ತೇಳು,
ಅದರ ಹಿಂದೆ ಇನ್ನೂರ ಎಪ್ಪತ್ತೇಳು:
ನಮ್ಮ ಕಡೆ ಯಾರೂ ಕಂಡಿರದ ಮುಖಗಳು,
ಎಲ್ಲೋ ದೂರದಲ್ಲಿ ಇದಕ್ಕಾಗಿಯೇ ಇದ್ದವರು.

ಅಷ್ಟರಲ್ಲಿ ಶನಿವಾರವಾಗಿತ್ತು.
ಅಣ್ಣನಿಗೆ ಬಟವಾಡೆ ಕೊಡುವುದನ್ನು ಮರೆತೆ.
ಮರೆತೆ ಅಂತ ಹೇಳಿದೆ.