ಮಾರಾಟಕ್ಕಲ್ಲ

ಗೋಣಿಕೊಪ್ಪದ ಗೋದಾಮಿನಲ್ಲಿ ತೂಕ ಬರೆಯುತ್ತಿದ್ದೆ:
ರೊಬಸ್ಟಾ ಚೆರಿ, ಮೂವತ್ತೊಂದು ಮೂಟೆ,
ಗೋಣಿಯ ಬಾಬ್ತು ತಲಾ ಒಂದು ಕಿಲೋ ಕಡಿತ.
ಫೋನು ಅದುರಿತು. ಗುರುತಿಲ್ಲದ ದೇಶದ ನಂಬರು.
“ಬೂವಯ್ಯಾ?”

ಪೂವಯ್ಯ ಎನ್ನಲು ಬಾರದವನು ಒಬ್ಬನೇ.
ಮಲಕಾಲ್‌ನಲ್ಲಿ, ನನ್ನ ನೀಲಿ ಹೆಲ್ಮೆಟ್ಟಿನ ವರ್ಷ,
ಮುಳ್ಳುತಂತಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದ ಗಟ್ಲುವಾಕ್.
ಲಾರಿಯಿಂದ ಇಳಿಯುವ ಜೋಳದ ಮೂಟೆ ಎಣಿಸಲು
ನಮ್ಮ ಕೊಡವ ಎಣಿಕೆ ಕಲಿತಿದ್ದ:
ಒಂದ್, ದಂಡ್, ಮೂಂದ್, ನಾಲ್, ಅಂಜಿ.

ಮೂಟೆಯ ಮೇಲೆ ಮುದ್ರೆ: ಮಾರಾಟಕ್ಕಲ್ಲ.
ಸಂತೆಯಲ್ಲಿ ಅದೇ ಮೂಟೆ, ಬಾಯಿ ಬಿಚ್ಚಿ, ಡಬ್ಬಿ ಲೆಕ್ಕದಲ್ಲಿ.
ಅವನ ತಾಯಿಯೂ ಮಾರಿದ್ದಳು, ಉಪ್ಪಿಗೆ, ಸೋಪಿಗೆ.
ಕಂಡಿದ್ದೆ. ವರದಿಯಲ್ಲಿ ಬರೆಯಲಿಲ್ಲ.

ಆಮೇಲೆ ಮೂಟೆ ಅರ್ಧವಾಯಿತಂತೆ,
ಈಗ ಲಾರಿಯೇ ಇಲ್ಲವಂತೆ,
ಎಲ್ಲೋ ದೊಡ್ಡ ಊರಲ್ಲಿ ಯಾರೋ
ಒಂದು ಸಾಲಿನ ಮೇಲೆ ಗೀಟು ಎಳೆದರಂತೆ.
ತಾಯಿಯ ಮಾತು ಅವನು ಎತ್ತಲಿಲ್ಲ.
ಕೇಳಲು ನನಗೂ ಬಾಯಿ ಬರಲಿಲ್ಲ.

ಲಿಬಿಯಾದ ಯಾವುದೋ ಶೆಡ್ಡು.
ದೋಣಿಗೆ ಇನ್ನೂ ನಾನೂರು ಡಾಲರು.
ಕೊಟ್ಟರೆ ಸಮುದ್ರ, ಕೊಡದಿದ್ದರೆ ಶೆಡ್ಡು.
ನನ್ನ ಮುಂದಿರುವ ತಕ್ಕಡಿ
ಕಾಫಿಗೆ, ಒಳ್ಳೆಮೆಣಸಿಗೆ ಮಾತ್ರ.

“ಎಷ್ಟು ಜನ ನೀವು?” ಎಂದೆ.
ಮರೆತಿಲ್ಲವೆಂದು ತೋರಿಸಲು, ಹುಡುಗನ ಹಾಗೆ, ಎಣಿಸಿದ:
ಒಂದ್, ದಂಡ್, ಮೂಂದ್, ನಾಲ್...
ಲೈನು ಗೊರಗೊರ ಎಂದಿತು.
ಅಂಜಿ.

ಮೂಟೆ ಹೊತ್ತು ನಿಂತಿದ್ದ ಹುಣಸೂರಿನ ಹಮಾಲಿ ಕೇಳಿದ:
“ಯಾರಿಗೆ ಅಂಜಿ, ಸಾರ್?”

ಐದು ಕಣೋ, ಬರೀ ಐದು, ಎಂದೆ.
ತೂಕದ ಚೀಟಿಯ ಬೆನ್ನಿಗೆ
ನಾನೂರನ್ನು ರೂಪಾಯಿ ಮಾಡತೊಡಗಿದೆ.