ಅರ್ಧ ಸೂತ

ಕರೆಂಟು ಬಂದ ಹೊತ್ತಿಗೆ ಸರಿಯಾಗಿ
ಗೋಣಿಚೀಲದಲ್ಲಿ ಸುತ್ತಿಕೊಂಡು ತಂದರು ಪ್ರೆಸ್ಸಿನ ಚನ್ನವೀರಯ್ಯ,
ಹಸುಗೂಸಿನ ಹಾಗೆ, ಎರಡೂ ಕೈಯಲ್ಲಿ.
ಐವತ್ತೇಳರ ಲ್ಯಾಂಡ್‌ಮಾಸ್ಟರಿನ ಮುಂದಿನ ಎಡಗಾಲಿಯ ಬ್ರೇಕ್ ಡ್ರಮ್ಮು.
"ತುಳಿದರೆ ಕಾಲಡಿ ಪೆಡಲು ನಡುಗುತ್ತೆ ತಮ್ಮಾ,
ಒಂದು ಕಟ್ಟು ಹೊಡೆದುಕೊಡು.
ಭಾನುವಾರ ಜೋಗಿಮಟ್ಟಿ ಹತ್ತಬೇಕು."

ಹತ್ತೋದೇನು, ಯಾರು ಬೇಕಾದರೂ ಹತ್ತುತ್ತಾರೆ.
ನನ್ನ ಕಸುಬು ಇಳಿಯೋದರ ಬಾಬತ್ತು.

ಸೀಮೆಎಣ್ಣೆಯಲ್ಲಿ ತೊಳೆದೆ. ತಂತಿಗೆ ತೂಗುಹಾಕಿ
ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದೆ,
ಸಂತೆಯಲ್ಲಿ ಗಡಿಗೆ ಕೊಳ್ಳುವವಳು ಬೆರಳ ಗೆಣ್ಣಿನಿಂದ ತಟ್ಟುವ ಹಾಗೆ.
ನಾದ ಶುದ್ಧ. ಬಿರುಕಿಲ್ಲ.
ಒಳಗೆ ಮಾತ್ರ ಅಲ್ಲಲ್ಲಿ ನೀಲಿ ಮಚ್ಚೆ,
ಯಾವುದೋ ಕಾಲದ ಇಳಿಜಾರಿನಲ್ಲಿ ಬೆಂದದ್ದು,
ಟೂಲು ಮುಟ್ಟಿದರೆ ಜಾರುವಷ್ಟು ಗಟ್ಟಿ.

ಗೋಡೆಯ ಗೂಡಿನಲ್ಲಿ ಹುಸೇನ್‌ಪೀರ್ ಮೇಸ್ತ್ರಿಯ ನೋಟ್‌ಬುಕ್ಕಿದೆ.
ಹತ್ತಿ ಮಿಲ್ಲಿನಲ್ಲಿ ಫಿಟ್ಟರಾಗಿದ್ದವರು,
ಮಿಲ್ಲಿನ ಸೈರನ್ನು ನಿಂತ ಮೇಲೂ
ಅದರ ಟೈಮಿಗೇ ಬುತ್ತಿ ಬಿಚ್ಚುತ್ತಿದ್ದವರು.
ಎಣ್ಣೆ ಕುಡಿದ ಪುಟದಲ್ಲಿ ಬಾಗಿದ ಕನ್ನಡ:
ಎಪ್ಪತ್ತೊಂದು, ಹದಿನೈದು ಥೌ.
ಎಂಬತ್ನಾಲ್ಕು, ಹದಿನಾಲ್ಕು.
ತೊಂಬತ್ತೊಂಬತ್ತು, ಇಪ್ಪತ್ತು; ಪಕ್ಕದಲ್ಲಿ "ಮೊಟ್ಟೆ ಆಗಿತ್ತು" ಅಂತ.
ಕೆಳಗೊಂದು ಗೆರೆ.
ಕೂಡಿಸಿದರೆ ನಲವತ್ತೊಂಬತ್ತು.
ಸವೆಯದ ಅಂಚಿನಲ್ಲಿ ಮೈಕ್ರೊಮೀಟರೂ ಅದನ್ನೇ ಅಂದಿತು.

ಇಷ್ಟು ಹಳೆಯ ಡ್ರಮ್ಮಿನ ಮೈಮೇಲೆ
ಕಂಪನಿ ಮಿತಿ ಕೊರೆದಿಲ್ಲ. ಮಿತಿ ಇದ್ದದ್ದು ಮೇಸ್ತ್ರಿಯ ಬಾಯಲ್ಲಿ:
"ಎಂಟಿಂಚಿನ ಬಾಯಿಗೆ ಅರವತ್ತು ಥೌ.
ಅರ್ಧ ಸೂತ ಮುಟ್ಟೋದರೊಳಗೆ ನಿಲ್ಲು.
ಅಲ್ಲಿಂದಾಚೆ ನೀನು ಕಡಿಯೋದು ಕಬ್ಬಿಣ ಅಲ್ಲ."

ಗೀರುಗಳ ತಳ ಮುಟ್ಟಲು ಇನ್ನೂ ಹದಿನಾಲ್ಕು ಬೇಕು.
ಒಟ್ಟು ಅರವತ್ಮೂರು.
"ಮೂರು ಥೌ ಅಂದರೆ ಎಷ್ಟಪ್ಪ?"
ಅವರ ತಲೆಯಿಂದಲೇ ಉದುರಿ ಅಂಗಿಯ ಹೆಗಲ ಮೇಲಿದ್ದ
ಬಿಳಿ ಕೂದಲೊಂದನ್ನು ಎತ್ತಿ, ಹೊರ ಮೈಕ್ರೊಮೀಟರಿನಲ್ಲಿ ಹಿಡಿದು
ತೋರಿಸಿದೆ. ಎರಡೂ ಮುಕ್ಕಾಲು.
"ಒಂದು ಕೂದಲಿಗೆ ಇಷ್ಟು ರಂಪವೇನೋ!"

ಹೇಗೆ ಹೇಳಲಿ. ತೆಳುವಾದ ಡ್ರಮ್ಮು ತಣ್ಣಗಿದ್ದಾಗ ಬಲು ಸಭ್ಯ.
ಬಿಸಿಯೇರಿದಂತೆ ಹಿಗ್ಗುತ್ತದೆ, ಲೈನಿಂಗಿನಿಂದ ಸರಿಯುತ್ತದೆ,
ಪೆಡಲು ನೆಲ ಹುಡುಕುತ್ತ ಹೋಗುತ್ತದೆ,
ಮೂರನೆಯ ತಿರುವಿನಲ್ಲಿ, ಎದುರಿಗೆ
ಗಾಳಿಯಂತ್ರದ ರೆಕ್ಕೆ ದೊಡ್ಡದಾಗುತ್ತ ಬರುವಾಗ.

ಇದು ಅವರಿಗೆ ನಾಟಲಿಲ್ಲ. ನಾನೇ ಕೇಳಿದೆ:
"ಸವೆದ ಅಚ್ಚುಮೊಳೆ ಏನು ಮಾಡ್ತಿದ್ರಿ?"
ಸುಮ್ಮನಾದರು.
ಹೆಬ್ಬೆರಳಿನಿಂದ ತೋರುಬೆರಳ ತುದಿ ಉಜ್ಜಿಕೊಂಡರು,
ಸೀಸ ಮುಟ್ಟಿ ಮುಟ್ಟಿ ನುಣುಪಾದ ತುದಿ.
"ಕಾಗದ ಮಡಚಿ ಕೆಳಗಿಡ್ತಿದ್ದೆ. ಒಂದು ಸಲ. ಎರಡು ಸಲ.
ಆಮೇಲೆ 'ಕ'ದ ತಲೆಕಟ್ಟೇ ಮೂಡ್ತಿರಲಿಲ್ಲ.
ಆವಾಗ ಕರಗಿಸೋ ಡಬ್ಬಿಗೆ."

ಲೇತು ಆಫ್ ಮಾಡಿದೆ.
ಹಿಂದಿನ ಓಣಿಯಿಂದ ಮಂಡಕ್ಕಿ ಭಟ್ಟಿಯ ಹೊಗೆ ಒಳಗೆ ಬಂತು.
"ದಾವಣಗೆರೆಯಲ್ಲಿ ಲೇತಿಗೇನು ಬರವೇ," ಅಂದರು,
"ಪಿ.ಬಿ. ರೋಡಿನಲ್ಲಿ ಯಾರಾದರೂ ಹೊಡೆದುಕೊಡ್ತಾರೆ."
"ಕೊಡ್ತಾರೆ," ಅಂದೆ.

ಅಳತೆಯ ಕೂಲಿ ನಲವತ್ತು. ಬೈಯುತ್ತಲೇ ಎಣಿಸಿದರು.
ಗೆರೆಯ ಕೆಳಗೆ ತಾರೀಖು ಬರೆದೆ, ಪಕ್ಕದಲ್ಲಿ ಸೊನ್ನೆ.
ಖಾಲಿ ಗೋಣಿಚೀಲ ಮಡಚಿ ಕಂಕುಳಲ್ಲಿಟ್ಟು
ಬಾಗಿಲವರೆಗೆ ಹೋದವರು ತಿರುಗಿ ಬಂದು ಕೈಯೊಡ್ಡಿದರು:
"ನನ್ನ ಕೂದಲು ಕೊಡು ಇಲ್ಲಿ."