ಮಬ್ಬು ಹೋಗ್ನಿಲ್ಲ

ತಾಳವಾಡಿಯ ಹೈಸ್ಕೂಲಿನ ಏಳನೇ ಕೋಣೆ,
ಪೊರೆ ತೆಗೆಸಿಕೊಂಡವರ ಮರುತಪಾಸಣೆ.
ಬೆಂಚಿನ ಮೇಲೆ ಸಾಲಾಗಿ ಕಪ್ಪು ಕನ್ನಡಕಗಳು.
ಡಾಕ್ಟರಮ್ಮ ಇಳವರಸಿ ಈರೋಡಿನವರು,
ಕೂತವರೆಲ್ಲ ನಮ್ಮ ಕಡೆಯವರು,
ನಡುವೆ ನಾನು, ದಿನಕ್ಕೆ ಇನ್ನೂರೈವತ್ತು,
ಈ ಮಾತನ್ನು ಆ ಮಾತು ಮಾಡುವ ಕೆಲಸ.

ತಿಗಣಾರೆಯ ದುಂಡಮ್ಮನಿಗೆ ಅಕ್ಷರ ಬಾರದು.
ಗೋಡೆಯ ಚಾರ್ಟಿನಲ್ಲಿ ಮೂರು ಕಡ್ಡಿ ಯಾವ ಕಡೆಗಿವೆ ಅಂತ
ಬೆರಳಲ್ಲೇ ತೋರಿಸಿದಳು, ಕೊನೆಯ ಸಾಲಿನ
ಇರುವೆಗಾತ್ರದ್ದನ್ನೂ ಬಿಡದೆ.
ಆಮೇಲೆ ಕೈ ಮಡಿಲಿಗಿಟ್ಟು ಅಂದಳು:
"ಕಣ್ಣು ಕಾಣ್ತದೆ ಬುದ್ದಿ. ಮಬ್ಬು ಹೋಗ್ನಿಲ್ಲ."

ಆ ಒಂದು ಪದ ನನ್ನ ಹಂಗಿಲ್ಲದೆ
ನೇರ ಡಾಕ್ಟರಮ್ಮನಿಗೆ ತಲುಪಿತು, ತಪ್ಪಾಗಿ.
ಅವರ ಸೀಮೆಯಲ್ಲಿ ಮಪ್ಪು ಅಂದರೆ
ಆಕಾಶಕ್ಕೆ ಮೋಡ, ಇಲ್ಲವೇ ಗಂಡಸಿಗೆ ಏರಿದ್ದು.
"ಪಾಟ್ಟಿ ಕುಡೀತಾರಾ?" ಪೆನ್ನು ಎತ್ತಿ ಕೇಳಿದರು.
ದುಂಡಮ್ಮನಿಗೂ ಅಷ್ಟು ತಮಿಳು ಬರುತ್ತದೆ,
ಬಾಯಿಗೆ ಸೆರಗು ಹಿಡಿದು ನಕ್ಕಳು.
ನಕ್ಕು ಮುಗಿದ ಮೇಲೂ ಅದು ಅಲ್ಲೇ ಇತ್ತು.

ಟಾರ್ಚು ಬಿಟ್ಟು ನೋಡಿದರು. ಲೆನ್ಸು ತಿಳಿನೀರು.

ಹೇಗೆ ಹೇಳಲಿ. ಬಿ.ಎ. ಗೈಡಿನಲ್ಲಿ ಒಂದು ಪದ ಇತ್ತು,
ಐದು ಅಂಕದ್ದು: ನಿರಾಶಾವಾದ.
ಬಾಯಿಪಾಠ ಮಾಡಿ ಮೂರೂವರೆ ಪಡೆದಿದ್ದೆ.
ಆದರೆ ವಾದ ಅಂದಮೇಲೆ ಎದುರಿಗೊಬ್ಬ ಇರಬೇಕು,
ಮೇಜು ಗುದ್ದಬೇಕು, ಲೋಕ ಕೆಟ್ಟಿದೆಯೆಂದು ರುಜುವಾತು ಮಾಡಬೇಕು.
ಈಕೆ ಯಾರೊಡನೆಯೂ ವಾದಕ್ಕೆ ಇಳಿದಿಲ್ಲ.
ಬೇಜಾರು ಅಂದರೆ ಮನೆಗೆ ಕಳಿಸುತ್ತಾರೆ.
ಮಂಕು ಅಂದರೆ ಬುದ್ಧಿಗೆ ಬಡಿದದ್ದು, ದುಂಡಮ್ಮ
ಮೂರು ಸಂತೆಯ ಲೆಕ್ಕ ಬಾಯಲ್ಲೇ ಹೇಳುತ್ತಾಳೆ.

"ಯಾವಾಗಿಂದ ಅಜ್ಜಿ?"
"ಅದು ಬಂದದ್ದ ಯಾರ್ ಕಂಡರು."
"ಏನಾಯ್ತು?"
"ಏನೂ ಆಗ್ನಿಲ್ಲ ಕನಪ್ಪ. ಮಗಳು ನೆಟ್ಟಗವ್ಳೆ, ಹಸ ಈದದೆ,
ಚೆಂಡೂವ್ಗೆ ಈ ಸಲ ರೇಟೂ ಅದೆ.
ನಾಳೀಕೆ ಅನ್ನದು ಮಾತ್ರ
ಮಡಿಸಿಟ್ಟ ಸೀರೆ ಇದ್ದಂಗದೆ,
ಬಿಚ್ಚಿ ಉಡ್ವ ಅನ್ಸದೇ ಇಲ್ಲ."

ಇದನ್ನು ತಮಿಳಿಗೆ ತಂದೆ.
ಸೀರೆ ಬಂತು, ಮಡಿಕೆ ಬರಲಿಲ್ಲ.

ಡಾಕ್ಟರಮ್ಮ ತುಸು ಹೊತ್ತು ಪೆನ್ನಿನ ಮುಚ್ಚಳ ಕಚ್ಚಿ
"ನಮ್ಮಮ್ಮನೂ..." ಅಂದರು. ಮುಂದುವರಿಸಲಿಲ್ಲ,
ನಾನೂ ಅದನ್ನು ಈ ಕಡೆಗೆ ದಾಟಿಸಲಿಲ್ಲ.
ಫಾರಂ ನನ್ನತ್ತ ತಳ್ಳಿದರು. ನೀನೇ ಬರಿ.
ಕುರೈ ಎಂಬ ಕಾಲಮ್ಮು. ನಮ್ಮಲ್ಲದು ಕೊರೆ:
ಕಡಿಮೆ ಬಿದ್ದದ್ದೂ ಹೌದು,
ಹುಳದ ಹಾಗೆ ಒಳಗೊಳಗೆ ಮಾಡುವ ಕೆಲಸವೂ ಹೌದು.
ಎರಡಿಂಚು ಜಾಗ.
ಕನ್ನಡದಲ್ಲೇ ಬರೆದೆ, ಮಬ್ಬು.
ಒತ್ತಕ್ಷರ ಗೆರೆಯಿಂದಾಚೆ ಇಳಿಯಿತು.
ಕಂಪ್ಯೂಟರಿಗೆ ಏರಿಸುವ ಹುಡುಗ
ಈರೋಡಿನಲ್ಲಿ ಇದನ್ನೇನೆಂದು ಓದುತ್ತಾನೋ.

ದುಂಡಮ್ಮ ಕನ್ನಡಕ ಏರಿಸಿ, ಚೀಲ ತಡವಿ ಎದ್ದಳು:
"ಬತ್ತೀನಿ ಬುದ್ದಿ. ನಾಳ ಮಬ್ಗೇ ಏಳ್ಬೇಕು, ಹೂ ಕೀಳಾಕೆ.
ಬಿಸ್ಲೇರುದ್ರೆ ಬಾಡ್ಕತ್ತವೆ."
ಅದೇ ಪದ. ಅವಳು ಗಮನಿಸಲಿಲ್ಲ,
ಹೊತ್ತಿನ ಹೆಸರಾಗಿ ಅದು ಅವಳ ಬಾಯಿಂದ
ದಿನಾ ಹೊರಡುವಂತೆ ಹೊರಟಿತ್ತು.

ಮರುದಿನ ಫೈಲಿನ ಕಟ್ಟು ತೊಡೆಯ ಮೇಲೆ,
ಸತ್ಯಮಂಗಲದ ಮೊದಲ ಬಸ್ಸು.
ದಿಂಬದ ಚೆಕ್‌ಪೋಸ್ಟು ಆರಕ್ಕೆ ಮುಂಚೆ ತೆಗೆಯುವುದಿಲ್ಲ,
ಅಲ್ಲಿಯವರೆಗೆ ಆನೆಗಳ ಸರದಿ.
ಮುಂದೆ ಕೋಸಿನ ಲಾರಿಗಳು. ಹಿಂದೆಲ್ಲೋ
ಚೆಂಡುಹೂವಿನ ಟೆಂಪೊ, ವಾಸನೆಯಷ್ಟೇ ಕಾಣುತ್ತಿತ್ತು.
ಡ್ರೈವರು ಸ್ಟಿಯರಿಂಗಿಗೆ ಮೊಣಕೈ ಊರಿ
"ಮಬ್ಬು ಹರೀಲಿ, ಬುಡ್ತಾರೆ" ಅಂದ.
ಹರಿಯುವುದು ಹಳೆಯ ಬಟ್ಟೆಯ ಹಾಗೋ ನೀರಿನ ಹಾಗೋ,
ಕೇಳೋಣವೆನ್ನಿಸಿತು. ಕೇಳಲಿಲ್ಲ.
ಕೆಳಗೆ ಇಪ್ಪತ್ತೇಳು ತಿರುವು.
ಅಂಗಿಯ ತೋಳಿನಿಂದ ಕಿಟಕಿಯ ಗಾಜು ಒರೆಸಿದೆ.
ಒಳಗಿನದು ಹೋಯಿತು, ಹೊರಗಿನದು ಇತ್ತು.